ಕೊಳ್ಳುವ ಕೈಗೆ ಬೇರೆ ಕೆಲಸ

ಮಿನಿಯೇಚರ್ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸ ಇರುವವರು ಬೆಳಗಾವಿಯಲ್ಲಿ ನನಗೆ ಗೊತ್ತಿರುವಷ್ಟು ಮಟ್ಟಿಗೆ ಕೆಲವೇ ಜನ. ನಾವು ಕೂಡಿದಾಗ ಮಾತು ಎಲ್ಲಿಂದ ಶುರುವಾದರೂ ಕಡೆಗೆ ಬರುವುದು ಒಂದೇ ಕಡೆಗೆ: ಬಣ್ಣ ಹಚ್ಚಿ ಮುಗಿಸಿದ್ದಕ್ಕಿಂತ ತರಿಸಿ ಇಟ್ಟದ್ದೇ ಹೆಚ್ಚು. ನಮ್ಮ ಗೊಂಬೆಗಳ ಅಳತೆ 28 ಮಿಲಿಮೀಟರ್, ಎಂದರೆ ಹೆಬ್ಬೆರಳಿನ ಅರ್ಧದಷ್ಟು ಎತ್ತರ. ಅಷ್ಟು ಸಣ್ಣದಾದ್ದರಿಂದ ಎಷ್ಟು ತಂದರೂ ಕಪಾಟಿನಲ್ಲಿ ಜಾಗ ಸಿಗುತ್ತದೆ. ಕೊಳ್ಳುವ ಈ ಆಸೆಯನ್ನು ಬೈದು ಓಡಿಸಲು ನಾನು ಹೋಗಲಿಲ್ಲ. ಅದು ದಿನದ ಯಾವ ಹೊತ್ತಿಗೆ ಬರುತ್ತದೆ ಎಂದು ನೋಡಿಕೊಂಡೆ, ಆ ಹೊತ್ತಿಗೆ ಬೇರೆ ಕೆಲಸ ಇಟ್ಟೆ. ನನ್ನ ಮಟ್ಟಿಗೆ ಫಲ ಕೊಟ್ಟದ್ದು ಇದೇ. ಉಳಿದದ್ದೆಲ್ಲ ಇದಕ್ಕೆ ಆಸರೆ.

ಉದ್ಯಮಬಾಗದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನನ್ನ ನೌಕರಿ. ಸಂಜೆ ಟಿಳಕವಾಡಿಯ ಮನೆಗೆ ಬಂದು ಊಟ ಮುಗಿಯುವಷ್ಟರಲ್ಲಿ ಹತ್ತು ಗಂಟೆಯಾಗುತ್ತದೆ. ಆಗ ಕುಂಚ ಹಿಡಿದರೆ ಕೈ ನಿಲ್ಲುವುದಿಲ್ಲ, ಕಣ್ಣಿಗೆ ಸೈನಿಕನ ಗುಂಡಿ ಕಾಣುವುದಿಲ್ಲ. ಮೊಬೈಲ್ ಹಿಡಿಯುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಖರೀದಿಯೆಲ್ಲ ನಡೆಯುತ್ತಿದ್ದದ್ದು ಆ ಹೊತ್ತಿನಲ್ಲೇ. ಭಾನುವಾರ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕುಂಚ ಹಿಡಿದು ಕೂತಾಗ ಹೊಸ ಡಬ್ಬಿ ತರಿಸಬೇಕೆಂಬ ಯೋಚನೆಯೇ ಬರುತ್ತಿರಲಿಲ್ಲ. ಬಣ್ಣ ಹಚ್ಚಬೇಕೆಂಬ ಮನಸ್ಸಿದ್ದು ಶಕ್ತಿ ಇಲ್ಲದ ಹೊತ್ತಿನಲ್ಲಿ ಆ ಮನಸ್ಸೇ ಖರೀದಿಯ ಕಡೆ ಹೊರಳುತ್ತದೆ.

ಹಾಗಾಗಿ ರಾತ್ರಿಯ ಆ ಹೊತ್ತಿಗೆ ಬೆಳಕೂ ನಿಖರವಾದ ಕೈಯೂ ಬೇಡದ ಕೆಲಸ ಹುಡುಕಿದೆ. ಪ್ಲಾಸ್ಟಿಕ್ ಸೈನಿಕರು ಬರುವುದು ಸ್ಪ್ರೂ ಎಂಬ ಚೌಕಟ್ಟಿಗೆ ಅಂಟಿಕೊಂಡು: ಕೈ, ತಲೆ, ಬಂದೂಕು ಎಲ್ಲ ಬೇರೆ ಬೇರೆ. ಅವನ್ನು ನಿಪ್ಪರ್‌ನಿಂದ ಕತ್ತರಿಸಬೇಕು. ಅಚ್ಚಿನ ಎರಡು ಭಾಗ ಕೂಡುವ ಜಾಗದಲ್ಲಿ ಶಿರಸ್ತ್ರಾಣದಿಂದ ಭುಜಕ್ಕೆ, ಭುಜದಿಂದ ಕಾಲಿಗೆ ಕೂದಲೆಳೆಯಷ್ಟು ಗೆರೆ ಎದ್ದಿರುತ್ತದೆ. ಚಾಕುವಿನ ಬೆನ್ನನ್ನು ಅದರ ಮೇಲೆ ಒತ್ತದೆ ಎಳೆದರೆ ಪ್ಲಾಸ್ಟಿಕ್ಕಿನ ಸಣ್ಣ ಸುರುಳಿ ಏಳುತ್ತದೆ. ಒತ್ತಿದರೆ ಗೊಂಬೆಗೆ ಗಾಯ. ಆಮೇಲೆ ಪ್ಲಾಸ್ಟಿಕ್ ಸಿಮೆಂಟ್. ಅದು ಸಾಮಾನ್ಯ ಗೋಂದಿನ ಹಾಗೆ ಅಂಟಿಸುವುದಿಲ್ಲ, ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಆದ್ದರಿಂದ ತೊಟ್ಟು ಸಾಕು. ಬೇಸ್‌ಗೆ ಅಂಟಿಸಿ ಟ್ರೇನಲ್ಲಿ ಸಾಲಾಗಿ ನಿಲ್ಲಿಸಿದರೆ ಭಾನುವಾರದ ಕೆಲಸ ಸಿದ್ಧ. ಹೊಸ ಡಬ್ಬಿ ಒಡೆಯುವಾಗ ಸಿಗುವ ಖುಷಿ ಇದರಲ್ಲಿ ಪೂರ್ತಿ ಸಿಗುತ್ತದೆ, ಏಕೆಂದರೆ ಬಹಳ ಡಬ್ಬಿಗಳನ್ನು ನಾವು ಒಡೆದೇ ಇರುವುದಿಲ್ಲ. ಮೊಬೈಲ್ ಆ ಹೊತ್ತಿನಲ್ಲಿ ಅಡುಗೆಮನೆಯ ಚಾರ್ಜರ್‌ನಲ್ಲಿ ಇರುತ್ತದೆ.

ಎರಡನೆಯದು ಆವಕ-ಜಾವಕ ವಹಿ. ಕಾರ್ಖಾನೆಯಲ್ಲಿ ಬೇರಿಂಗ್ ಬಂದರೂ ವಾಷರ್ ಹೋದರೂ ನಮೂದಾಗದೆ ಕೆಲಸ ನಡೆಯುವುದಿಲ್ಲ. ಮನೆಯ ಕಪಾಟಿಗೂ ಅಂಥದ್ದೇ ಒಂದು ನೋಟ್‌ಬುಕ್ ಮಾಡಿದೆ. ಎಲ್ಲ ಡಬ್ಬಿಗಳನ್ನೂ ಪಡಸಾಲೆಯಲ್ಲಿ ಹರವಿ ಒಂದೊಂದನ್ನೇ ಬರೆದೆ. ಮನೆಯವಳು ಬಂದು ನೋಡಿ, "ಇವೆಲ್ಲಾ ಯಾವಾಗ ಎದ್ದು ನಿಂದ್ರತಾವ್ ರೀ?" ಅಂದಳು. ಆ ಪ್ರಶ್ನೆಗೆ ಉತ್ತರವೆಂದು ವಹಿಯಲ್ಲಿ ಒಂದು ಅಂಕಣ ಸೇರಿಸಿದೆ: ತಾಸು. ಕಾಲಾಳುಗಳ ಒಂದು ಡಬ್ಬಿಯಲ್ಲಿ ಮೂವತ್ತರಿಂದ ನಲವತ್ತು ಗೊಂಬೆ ಇರುವುದು ಸಾಮಾನ್ಯ. ಒಂದಕ್ಕೆ ಒಂದೂವರೆ ತಾಸು ಹಿಡಿದರೂ ನಲವತ್ತಕ್ಕೆ 60 ತಾಸು. ವಾರಕ್ಕೆ ಐದು ತಾಸು ಬಿಡುವು ಸಿಕ್ಕರೆ ಹನ್ನೆರಡು ವಾರ, ಅಂದರೆ ಯುಗಾದಿಗೆ ಶುರು ಮಾಡಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ಸುತ್ತಮುತ್ತ ಮುಗಿಯುತ್ತದೆ. ಡಬ್ಬಿಯ ಮೇಲೆ ರೂಪಾಯಿ ಮಾತ್ರ ಅಚ್ಚಾಗಿರುತ್ತದೆ, ತಾಸನ್ನು ನಾವೇ ಬರೆದುಕೊಳ್ಳಬೇಕು. ನಾನು ಪೆನ್ಸಿಲ್ಲಿನಿಂದ ಪ್ರತಿ ಡಬ್ಬಿಯ ಮಗ್ಗುಲಿಗೂ ಬರೆದೆ. ರೂಪಾಯಿಯ ಲೆಕ್ಕ ನನ್ನನ್ನು ಎಂದೂ ತಡೆದಿರಲಿಲ್ಲ, ತಾಸಿನ ಲೆಕ್ಕ ತಡೆಯಿತು.

ದುಬಾರಿಯಾದರೆ ಕೊಳ್ಳುವುದು ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ನಾನು ಕಂಡದ್ದು ಬೇರೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಎರಡೂ ಸಲ ಗೆಳೆಯರ ಬಾಯಲ್ಲಿ ಬಂದ ಮಾತು ಒಂದೇ: ಇನ್ನೂ ಏರುವುದರೊಳಗೆ ತಂದಿಡೋಣ. ಹೊರದೇಶದಿಂದ ತರಿಸುವಾಗ ಅಂಚೆ ವೆಚ್ಚ ಹೇಗೂ ಕೊಡುತ್ತೇವಲ್ಲ, ಜತೆಗೆ ಇನ್ನೊಂದು ಡಬ್ಬಿ ಇರಲಿ ಎನ್ನುವುದೂ ಇದೇ ಜಾತಿಯ ಯೋಚನೆ. ಉಳಿತಾಯವಾಗುವುದು ಅಂಚೆಯಲ್ಲಿ, ಖರ್ಚಾಗುವುದು ಡಬ್ಬಿಯಲ್ಲಿ.

ಮಳೆಗಾಲ ನನಗೆ ಬಹಳ ಸಹಾಯ ಮಾಡಿತು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಆರುವುದೇ ಇಲ್ಲ. ಆ ಹವೆಯಲ್ಲಿ ಸ್ಪ್ರೇ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಪದರ, ಹೊಡೆದರೆ ಗೊಂಬೆಯ ಮೇಲೆ ರವೆ ಉದುರಿಸಿದ ಹಾಗೆ ತರಿತರಿಯಾಗಿ ಕೂರುತ್ತದೆ, ಮುಖದ ಗೆರೆಯೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಮೇ ತಿಂಗಳಲ್ಲಿ, ಬಿಸಿಲು ಏರುವ ಮುಂಚೆ, ಮಾಳಿಗೆಯ ಮೇಲೆ ಹೋಗಿ ನಾಲ್ಕು ತಿಂಗಳಿಗೆ ಆಗುವಷ್ಟು ಗೊಂಬೆಗಳಿಗೆ ಪ್ರೈಮರ್ ಹೊಡೆದು ಇಡುತ್ತೇನೆ. ಜುಲೈನಲ್ಲಿ ಏನಾದರೂ ಬೇಕೆನ್ನಿಸಿದರೆ, ಬಂದರೂ ಅದಕ್ಕೆ ಪ್ರೈಮರ್ ಕಾಣುವುದು ಮಳೆ ನಿಂತ ಮೇಲೆ ಎಂದು ಗೊತ್ತಿರುತ್ತದೆ. ಕುಂಚದಿಂದ ಹಚ್ಚುವ ಪ್ರೈಮರ್ ಇದೆ, ನಿಜ. ಒಂದೆರಡಕ್ಕೆ ಸರಿ, ಸಾಲು ಸೈನಿಕರಿಗೆ ನನಗೆ ತಾಳ್ಮೆ ಇಲ್ಲ.

ಏನು ತರಿಸಬೇಕು ಎನ್ನುವುದಕ್ಕೂ ಒಂದು ಬೇಲಿ ಬೇಕಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಬರುವ ವಾರ್‌ಹ್ಯಾಮರ್ 40,000 ಆಟದ 8ನೇ ಆವೃತ್ತಿ 2017ರಲ್ಲಿ, 9ನೆಯದು 2020ರಲ್ಲಿ, 10ನೆಯದು 2023ರಲ್ಲಿ ಬಂತು. ಪ್ರತಿ ಸಲವೂ ಹೊಸ ನಿಯಮ, ಹೊಸ ಗೊಂಬೆ. ಆ ಗೊಂಬೆಗಳು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಪಟ್ಟಿಗೆ ಕೊನೆ ಇಲ್ಲ. ನಾನು ಕೊನೆ ಇರುವ ವಿಷಯ ಆರಿಸಿಕೊಂಡೆ: ಕಿತ್ತೂರು, 1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ ದಿನ, ಬ್ರಿಟಿಷ್ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಚೆನ್ನಮ್ಮನ ಕೈಗೆ ಸೆರೆಸಿಕ್ಕ ದಿನ. ನಮ್ಮೂರಿನಿಂದ ಹೆದ್ದಾರಿಯಲ್ಲಿ ಒಂದು ತಾಸಿನ ದಾರಿ, ಬೇಕಾದಾಗ ಹೋಗಿ ಕೋಟೆಯ ಗೋಡೆ ನೋಡಿ ಬರಬಹುದು. ಎರಡಡಿ ಉದ್ದಗಲದ ಪ್ಲೈವುಡ್ ಕೊಯ್ಯಿಸಿದೆ. ಅದರ ಮೇಲೆ ಅರವತ್ತಕ್ಕಿಂತ ಹೆಚ್ಚು ಜನರನ್ನು ನಿಲ್ಲಿಸಬಾರದು ಎಂದುಕೊಂಡೆ. ಆ ಹಲಗೆಯ ಮೇಲೆ ನಿಲ್ಲದವರಿಗೆ ನನ್ನ ಕಪಾಟಿನಲ್ಲೂ ಜಾಗವಿಲ್ಲ.

ಕಿತ್ತೂರಿನ ಸೈನಿಕರ ಗೊಂಬೆಗಳು ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಇದೇ ದೊಡ್ಡ ಅನುಕೂಲವಾಯಿತು. ಸಂಗೊಳ್ಳಿ ರಾಯಣ್ಣನಂಥ ಶೇತಸನದಿಗಳನ್ನು, ಅಂದರೆ ಸೇವೆಗೆ ಬದಲು ಹೊಲ ಪಡೆದ ಸೈನಿಕರನ್ನು, ಮಾಡಬೇಕೆಂದರೆ ಕಪಾಟಿನಲ್ಲಿ ಇದ್ದ ಬೇರೆ ಯುದ್ಧಗಳ ಸೈನಿಕರನ್ನೇ ಬದಲಿಸಬೇಕು. ಎಪಾಕ್ಸಿ ಪುಟ್ಟಿಯ ಹಳದಿ ಮತ್ತು ನೀಲಿ ಎರಡನ್ನೂ ಹಸಿರಾಗುವ ತನಕ ನಾದಿ, ಒದ್ದೆ ಗಾಜಿನ ಮೇಲೆ ಶಾವಿಗೆ ಎಳೆಗಿಂತ ಸಣ್ಣಗೆ ಹೊಸೆಯುತ್ತೇನೆ. ಟೋಪಿ ಕೊಯ್ದ ತಲೆಗೆ ಅದನ್ನು ಸುತ್ತಿ, ನೀರಲ್ಲಿ ಅದ್ದಿದ ಸೂಜಿಯಿಂದ ಮಡಿಕೆ ಒತ್ತಿದರೆ ರುಮಾಲು. ಸೂಜಿ ಒಣಗಿದರೆ ಪುಟ್ಟಿ ಅದಕ್ಕೇ ಅಂಟಿ ಎದ್ದು ಬರುತ್ತದೆ. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಗಟ್ಟಿ. ಒಂದು ರುಮಾಲು ಸರಿಯಾಗಿ ಕೂತ ದಿನ ನನಗೆ ಯಾವ ಹೊಸ ಡಬ್ಬಿಯೂ ನೆನಪಾಗುವುದಿಲ್ಲ. ನೆಲಕ್ಕೆ ಬೈಲಹೊಂಗಲ ಕಡೆಯ ಎರೆಮಣ್ಣು ತಂದು, ಹುಳ ಬೂಷ್ಟು ಬರದಂತೆ ಹಳೇ ಹಂಚಿನ ಮೇಲೆ ಹುರಿದು, ಚಹಾ ಸೋಸುವ ಜರಡಿಯಲ್ಲಿ ಹಿಡಿದು ಫೆವಿಕಾಲ್ ಮೇಲೆ ಉದುರಿಸುತ್ತೇನೆ. ಹುಲ್ಲಿಗೆ ಕಾಲೊರಸಿನ ನಾರು.

ಇಷ್ಟಾದರೂ ಆಸೆ ಬರುತ್ತದೆ. ಬಂದದ್ದನ್ನು ವಹಿಯ ಹಿಂದಿನ ಪುಟದಲ್ಲಿ ಬರೆಯುತ್ತೇನೆ, ತೀರ್ಮಾನ ಮಾತ್ರ ಅಮಾವಾಸ್ಯೆಯ ದಿನ. ಅಮಾವಾಸ್ಯೆ ಎಂದದ್ದು ಮನೆಯಲ್ಲಿ ಎಲ್ಲರಿಗೂ ನೆನಪಿರುವ ದಿನ ಎಂಬ ಕಾರಣಕ್ಕೆ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮವ್ವ ಕುಂಬಾರರ ಮನೆಯಿಂದ ತರುವುದು ಒಂದೇ ಜೋಡಿ ಎತ್ತು. ಪೂಜೆಗೆ ಜೋಡಿ ಸಾಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಏತಕ್ಕೆ ತರುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿರುತ್ತದೆ. ನಾನೂ ಪಟ್ಟಿಯ ಪ್ರತಿ ಹೆಸರಿನ ಮುಂದೆ ಏತಕ್ಕೆ ಎಂದು ಬರೆಯುತ್ತೇನೆ. ಬರೆಯಲಾಗದ್ದನ್ನು ಹೊಡೆದುಹಾಕುತ್ತೇನೆ. ಅಂಗಡಿಯವರು "ಸ್ಟಾಕ್ ಮುಗೀತದ" ಎಂದು ಅವಸರ ಮಾಡಿದ ಹೆಸರುಗಳು ಅಮಾವಾಸ್ಯೆಯ ತನಕ ಉಳಿದದ್ದು ಅಪರೂಪ.

ಹಲಗೆಗೆ ಬೇಡವಾದ ಡಬ್ಬಿಗಳನ್ನು ಗೆಳೆಯರಿಗೆ ಕೊಟ್ಟೆ, ಕೆಲವನ್ನು ಕುಂಚ, ಬಣ್ಣಕ್ಕೆ ಬದಲಿಸಿಕೊಂಡೆ. ರೆಸಿನ್ ಎಂಬ ದ್ರವದಿಂದ ಗೊಂಬೆಯನ್ನೇ ಮಾಡುವ ತ್ರೀಡಿ ಪ್ರಿಂಟರ್ ತಗೊಳ್ಳಿ, ಖರೀದಿಯ ಚಿಂತೆಯೇ ಇರುವುದಿಲ್ಲ ಎಂದು ಸಲಹೆ ಬಂತು. ಪ್ರಿಂಟರ್ ಇರುವವರ ಮನೆಯಲ್ಲಿ ಡಬ್ಬಿಯ ಜಾಗದಲ್ಲಿ ಕಂಪ್ಯೂಟರ್ ಫೈಲುಗಳ ರಾಶಿ ಕಂಡಿದ್ದೇನೆ. ಮೇಲಾಗಿ ಹಸಿ ರೆಸಿನ್ನಿಗೆ ಕೈಗವಸು ಬೇಕು, ಗಾಳಿಯಾಡುವ ಕೋಣೆ ಬೇಕು, ಆಲ್ಕೋಹಾಲ್‌ನಲ್ಲಿ ತೊಳೆದು ಯುವಿ ದೀಪದಡಿ ಗಟ್ಟಿ ಮಾಡಬೇಕು. ಸಣ್ಣ ಮಕ್ಕಳಿರುವ ಮನೆಗೆ ಅದು ಬೇಡ ಎಂದು ತೀರ್ಮಾನಿಸಿದೆ.

ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವದ ಹೊತ್ತಿಗೆ ಹಲಗೆ ಮುಗಿಸಿ ಮಗಳ ಶಾಲೆಗೆ ಒಯ್ಯಬೇಕೆಂದಿದ್ದೇನೆ. ಈಗ ಪಟ್ಟಿಯಲ್ಲಿ ಇರುವುದು ಒಂದು ಕುದುರೆ ಸವಾರರ ಡಬ್ಬಿ, ಹನ್ನೆರಡು ಸವಾರರು. ಏತಕ್ಕೆ ಎಂಬಲ್ಲಿ "ಕೋಟೆ ಬಾಗಿಲಿನಿಂದ ಹೊರಬೀಳುವವರು" ಎಂದು ಬರೆದಿದ್ದೇನೆ, ತಾಸಿನ ಅಂಕಣದಲ್ಲಿ 36 ಎಂದಿದೆ. ಆಗುವ ಮಾತು. ಬರುವ ಅಮಾವಾಸ್ಯೆಗೆ ತರಿಸುತ್ತೇನೆ.