ಸಂಕ್ರಾಂತಿಗೆ ಕಾಯದೆ ಧನುರ್ಮಾಸದಲ್ಲೇ ಟೊಮೆಟೊ ಬೀಜ: ನನ್ನ ಅನುಭವ

ಶಿಡ್ಲಘಟ್ಟದ ನಮ್ಮ ಕಡೆ ಬೇಸಿಗೆ ಟೊಮೆಟೊ ಇಡುವವರು ಸಂಕ್ರಾಂತಿ ಕಳೆದ ಮೇಲೆಯೇ ಸಸಿ ಬೆಳೆಸುವ ಕುಳಿ ಟ್ರೇಗೆ ಬೀಜ ಹಾಕುವುದು ರೂಢಿ. ಧನುರ್ಮಾಸ ಶೂನ್ಯಮಾಸ ಎಂಬ ನಂಬಿಕೆ ಒಂದು ಕಡೆಯಾದರೆ, ಮಾಗಿ ಚಳಿಯಲ್ಲಿ ಬೀಜ ಏಳುವುದಿಲ್ಲ ಎಂಬ ಹಿರಿಯರ ಅನುಭವ ಇನ್ನೊಂದು ಕಡೆ. ನಾನು ಕೆಲವು ವರ್ಷಗಳಿಂದ ಡಿಸೆಂಬರ್ ನಡುಭಾಗ ದಾಟುತ್ತಿದ್ದಂತೆಯೇ ಬೀಜ ಹಾಕಿ, ಜನವರಿ ಮೂರನೇ ವಾರದ ಹೊತ್ತಿಗೆ ನಾಟಿ ಮುಗಿಸಿ, ಏಪ್ರಿಲ್ ಮೊದಲ ವಾರದಲ್ಲಿ ಕೋಲಾರದ ಮಾರುಕಟ್ಟೆಗೆ ಬಾಕ್ಸ್ ಕಳುಹಿಸುತ್ತಿದ್ದೇನೆ. ಆರಂಭದಲ್ಲಿ ನಕ್ಕವರಲ್ಲಿ ಕೆಲವರು ಕಳೆದ ಚಳಿಗಾಲದಲ್ಲಿ ಮನೆಗೇ ಬಂದು, ಯಾವ ತಾರೀಖಿಗೆ ಹಾಕಬೇಕು ಎಂದು ಕೇಳಿದರು. ತಾರೀಖು ಹೇಳುವುದು ಸುಲಭ, ಆದರೆ ಅದರಿಂದ ಉಪಯೋಗವಿಲ್ಲ. ಒಂದು ವರ್ಷ ಡಿಸೆಂಬರ್ 14ಕ್ಕೇ ಹಾಕಿದ್ದೇನೆ, ಇನ್ನೊಂದು ವರ್ಷ 24ರವರೆಗೂ ಕಾದಿದ್ದೇನೆ. ಆ ಹತ್ತು ದಿನಗಳ ಒಳಗೆ ಯಾವುದನ್ನು ಆರಿಸಬೇಕು ಎಂಬುದೇ ಇಲ್ಲಿರುವ ವಿಷಯ.

ಬೇಗ ಹಾಕುವ ಆಸೆ ಏಕೆ ಎಂಬುದು ಬೆಳೆಗಾರರಿಗೆ ಗೊತ್ತೇ ಇದೆ. ಸಂಕ್ರಾಂತಿಯ ನಂತರ ಹಾಕಿದ ಬೀಜದ ಗಿಡ ಮಾರ್ಚ್ ಮಧ್ಯದಲ್ಲಿ ಹೂವಿಗೆ ಬರುತ್ತದೆ, ಅದರ ಮೇಲಿನ ಗೊಂಚಲುಗಳೆಲ್ಲ ಏಪ್ರಿಲ್ ಬಿಸಿಲಿಗೆ ಸಿಕ್ಕಿ, 35 ಡಿಗ್ರಿ ದಾಟಿದ ದಿನಗಳಲ್ಲಿ ಹೂವು ಕಾಯಾಗದೆ ಉದುರುತ್ತವೆ. ಡಿಸೆಂಬರ್ ಬೀಜದ ಗಿಡ ಫೆಬ್ರವರಿ ಕೊನೆಗೆ ಹೂ ಬಿಡುವುದರಿಂದ, ರಾತ್ರಿ ಇನ್ನೂ ತಂಪಾಗಿರುವಾಗಲೇ ಮೊದಲ ನಾಲ್ಕೈದು ಗೊಂಚಲು ಕಾಯಿ ಕಚ್ಚಿಕೊಂಡಿರುತ್ತವೆ. ಎಲೆ ಮುದುಡು ರೋಗ ಹರಡುವ ಬಿಳಿ ನೊಣದ ಲೆಕ್ಕವೂ ಇದೆ. ಬಿಸಿಲು ಏರಿ ಬಿಳಿ ನೊಣ ಹೆಚ್ಚಾಗುವ ಹೊತ್ತಿಗೆ ಗಿಡ ಬಲಿತಿದ್ದರೆ ಎಲೆ ಮುದುಡು ರೋಗ ಬಂದರೂ ಇಳುವರಿ ಪೂರ್ತಿ ಹೋಗುವುದಿಲ್ಲ. ನಾಟಿ ಮಾಡಿದ ಎರಡೇ ವಾರಕ್ಕೆ ಬಂದರೆ ಗಿಡ ಕಿತ್ತು ಬಿಸಾಡುವುದೊಂದೇ ದಾರಿ.

ಮೊದಲ ವರ್ಷದ ಫಲಿತಾಂಶ ನನ್ನನ್ನು ಅನುಮಾನಿಸಿದವರ ಪರವಾಗಿಯೇ ಇತ್ತು. ಒಂದು ಎಕರೆಗೆ ಬೇಕಾದ ಅರವತ್ತು ಚಿಲ್ಲರೆ ಟ್ರೇಗಳಲ್ಲಿ, ಅಂದರೆ 98 ಕುಳಿಯ ಪ್ರೋಟ್ರೇಗಳಲ್ಲಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುಳಿಗಳಷ್ಟೇ ಎದ್ದವು. ಎದ್ದವೂ ಒಂದೇ ಸಮನೆ ಇರಲಿಲ್ಲ, ಒಂದು ಸಸಿಗೆ ನಾಲ್ಕು ಎಲೆ ಬಂದಿದ್ದರೆ ಪಕ್ಕದ್ದು ಆಗಷ್ಟೇ ಕತ್ತು ಎತ್ತುತ್ತಿತ್ತು. ಹತ್ತು ಗ್ರಾಂ ಪ್ಯಾಕೆಟ್ಟಿಗೆ ಏಳು ನೂರು ರೂಪಾಯಿ ಕೊಟ್ಟ ಬೀಜ, ಕುಳಿಗೆ ತುಂಬುವ ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಕೂಲಿ ಎಲ್ಲ ಸೇರಿ ನಾಲ್ಕೈದು ಸಾವಿರ ಹೋಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಣ್ಣು ಮುಚ್ಚುವ ಮಲ್ಚಿಂಗ್ ಹಾಳೆ ಹಾಸಿ ಸಿದ್ಧವಾಗಿದ್ದ ಭೂಮಿಗೆ ನರ್ಸರಿಯಿಂದ ಸಸಿಗೆ ಒಂದು ರೂಪಾಯಿಗೂ ಹೆಚ್ಚು ಕೊಟ್ಟು ತಂದು ತುಂಬಿಸಬೇಕಾಯಿತು. ನರ್ಸರಿಯವರು ಸಸಿ ಎಣಿಸಿ ಕೊಡುತ್ತಾ, "ಅಣ್ಣಾ, ಚಳೀಲಿ ಬೀಜ ಮಲಗ್ಬಿಡತ್ತೆ, ನಾವೇ ಹಾಕಲ್ಲ, ನೀವ್ಯಾಕೆ ಕೈ ಹಾಕ್ತೀರ" ಎಂದರು.

ಬೀಜ ಮಲಗುತ್ತದೆ ಎನ್ನುವುದು ನಿಜವೇ. ಟೊಮೆಟೊ ಬೀಜ 25 ಡಿಗ್ರಿಯಲ್ಲಿ ಆರು ದಿನಕ್ಕೆ ಏಳುತ್ತದೆ, 15 ಡಿಗ್ರಿಯಲ್ಲಿ ಎರಡು ವಾರ ತೆಗೆದುಕೊಳ್ಳುತ್ತದೆ, 10ಕ್ಕೆ ಇಳಿದರೆ ತಿಂಗಳು ದಾಟುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್ ಎಂದರೆ ಹಗಲಿನಲ್ಲಿ 26, 27 ಡಿಗ್ರಿ ಬಿಸಿಲು ಇರುತ್ತದೆ, ರಾತ್ರಿ ಸಾಮಾನ್ಯವಾಗಿ 14, 15ಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಎಂಟೊಂಬತ್ತು ದಿನಕ್ಕೆ ಏಳಬೇಕಾದ ಬೀಜ ಹದಿನೈದು ದಿನವಾದರೂ ಏಳದಿದ್ದುದಕ್ಕೆ ಗಾಳಿಯ ಚಳಿಯೊಂದೇ ಕಾರಣವಾಗಿರಲು ಸಾಧ್ಯವಿಲ್ಲ ಎಂದು ನನಗೆ ಅನ್ನಿಸಿತು. ಮುನ್ನೂರು ರೂಪಾಯಿ ಕೊಟ್ಟು, ಉದ್ದ ವೈರಿನ ತುದಿಯಲ್ಲಿ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರ್ ತಂದು ಕುಳಿಯೊಳಗೆ ಸಿಕ್ಕಿಸಿದೆ. ಬೆಳಗಿನ ಆರು ಗಂಟೆಗೆ ಗಾಳಿ 14 ಡಿಗ್ರಿ ಇದ್ದರೆ ಕುಳಿಯ ಒಳಗೆ 11 ತೋರಿಸುತ್ತಿತ್ತು. ಹತ್ತೂವರೆಯಾದರೂ 15 ದಾಟುತ್ತಿರಲಿಲ್ಲ.

ಕಾರಣ ನೀರು. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಹೆಚ್ಚಾಗಿ ರಾತ್ರಿ ಹೊತ್ತು ಬರುವುದರಿಂದ ಬೋರ್‌ವೆಲ್ ನೀರು ಹೊಂಡಕ್ಕೆ ಬಿದ್ದು, ಬೆಳಗಿನ ತನಕ ಅಲ್ಲಿಯೇ ನಿಂತು ತಣ್ಣಗಾಗುತ್ತದೆ. ಆ ನೀರನ್ನು ಬೆಳಿಗ್ಗೆ ಏಳಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಟ್ರೇಗೆ ಹನಿಸುತ್ತಿದ್ದೆವು. ಸಂಜೆ ನೆನೆದ ಕೊಕೊಪಿಟ್ ರಾತ್ರಿಯಿಡೀ ಆವಿಯಾಗುತ್ತಾ ಇನ್ನಷ್ಟು ಶಾಖ ಕಳೆದುಕೊಂಡು, ಬೆಳಿಗ್ಗೆ ಮತ್ತೆ ಹೊಂಡದ ನೀರು ಕುಡಿದು, ಬಿಸಿಲೇರುವ ಹೊತ್ತಿಗೂ ಚೇತರಿಸಿಕೊಳ್ಳುತ್ತಿರಲಿಲ್ಲ. ಸಾವಿರದ ಇನ್ನೂರು ಅಡಿ ಆಳದಿಂದ ಬರುವ ನೀರು ಪೈಪಿನಿಂದ ಹೊರಬೀಳುವಾಗ ಕೈಗೆ ಬೆಚ್ಚಗೆ ತಾಗುತ್ತದೆ, ಚಳಿ ಹೆಚ್ಚಿರುವ ಬೆಳಗ್ಗೆ ಅದರಿಂದ ಹಬೆ ಏಳುವುದನ್ನು ಎಲ್ಲರೂ ನೋಡಿರುತ್ತೀರಿ, ಆ ಕಾವು ಹೊಂಡದಲ್ಲಿ ನಿಂತಾಗ ಹೋಗಿಬಿಡುತ್ತದೆ. ಸಂಜೆಯ ನೀರನ್ನು ಪೂರ್ತಿ ನಿಲ್ಲಿಸಿ, ಹೊಂಡದ ನೀರನ್ನು ಕಪ್ಪು ಡ್ರಮ್ಮಿನಲ್ಲಿ ಬಿಸಿಲಿಗಿಟ್ಟು, ಹನ್ನೊಂದು ಗಂಟೆಯ ನಂತರ ಒಮ್ಮೆ ಮಾತ್ರ ಕೊಡಲು ಶುರುಮಾಡಿದೆ. ರಾತ್ರಿ ಟ್ರೇಗಳ ಮೇಲೆ ಬಿದಿರಿನ ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಹೊದಿಸಿ, ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುವುದು. ಇಷ್ಟಕ್ಕೇ ಬೆಳಗಿನ ಅಂಕಿ 11ರಿಂದ 14ರ ಹತ್ತಿರಕ್ಕೆ ಬಂತು. ಟ್ರೇಯ ಕೆಳಗೆ ಏನು ಹಾಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ವರ್ಷ ತಲೆ ಕೆಡಿಸಿಕೊಂಡಿದ್ದೇನೆ, ನೋಡಬೇಕೆನ್ನುವವರು ತೋಟಕ್ಕೆ ಬರಲಿ.

ಇನ್ನು ದಿನ ಆರಿಸುವ ಬಗೆ. ಡಿಸೆಂಬರ್ ಮೊದಲ ವಾರದಲ್ಲಿಯೇ ಬೀಜವಿಲ್ಲದ ಒಂದು ಟ್ರೇಗೆ ಕೊಕೊಪಿಟ್ ತುಂಬಿ, ನಿಜವಾದ ಟ್ರೇಯಂತೆಯೇ ನೀರು ಕೊಟ್ಟು, ಹೊದಿಸಿ, ತೆರೆದು ನಡೆಸಿಕೊಂಡು ಹೋಗುತ್ತೇನೆ. ಕಡ್ಡಿ ಅದರಲ್ಲಿಯೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಅಂಕಿಯನ್ನು ಕ್ಯಾಲೆಂಡರಿನ ಹಾಳೆಯ ಮೇಲೆಯೇ ಬರೆಯುತ್ತೇನೆ. ಬೆಳಗಿನದು 13ಕ್ಕಿಂತ ಕೆಳಗಿಳಿಯದೆ, ಮಧ್ಯಾಹ್ನದ್ದು 26 ದಾಟಿ, ಹೀಗೆ ಮೂರು ನಾಲ್ಕು ದಿನ ಸತತವಾಗಿ ಬಂದರೆ ಬೀಜದ ಪ್ಯಾಕೆಟ್ ಒಡೆಯುತ್ತೇನೆ. ಇವೆರಡರಲ್ಲಿ ಯಾವುದು ಮುಖ್ಯ ಎಂದರೆ ನಾನು ಮಧ್ಯಾಹ್ನದ್ದು ಎನ್ನುತ್ತೇನೆ. ಊರಿನವರೆಲ್ಲ ಬೆಳಗಿನ ಚಳಿ ನೋಡಿ ಹೆದರುತ್ತಾರೆ, ಆದರೆ ಆಕಾಶ ತಿಳಿಯಾಗಿ ಇಬ್ಬನಿ ಸುರಿದು 12 ಡಿಗ್ರಿಗೆ ಇಳಿದ ದಿನವೇ ಹಗಲು ಚೆನ್ನಾಗಿ ಕಾಯುತ್ತದೆ. ಅಪಾಯ ಇರುವುದು ಬೆಳಿಗ್ಗೆ 17 ಇದ್ದು ಮಧ್ಯಾಹ್ನವೂ 20ರಲ್ಲೇ ನಿಲ್ಲುವ ಮೋಡದ ದಿನಗಳಲ್ಲಿ.

ಇದನ್ನು ಕಲಿಸಿದ್ದು 2022ರ ಡಿಸೆಂಬರ್. ಬಂಗಾಳ ಕೊಲ್ಲಿಯಲ್ಲಿ ಮಾಂಡೂಸ್ ಚಂಡಮಾರುತ ಎದ್ದು ತಮಿಳುನಾಡಿನ ಕರಾವಳಿ ದಾಟಿದಾಗ ಇಲ್ಲಿ ದಿನಗಟ್ಟಲೆ ಬಿಸಿಲೇ ಕಾಣದೆ ಜಿಟಿಜಿಟಿ ಮಳೆ ಹಿಡಿದುಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ ಹಾಕಿದ್ದ ಟ್ರೇಗಳಲ್ಲಿ ಬೀಜ ಎದ್ದೇನೋ ಎದ್ದವು, ಆದರೆ ಎದ್ದ ಸಸಿಗಳು ಬುಡದಲ್ಲಿ ನೀರು ಕುಡಿದಂತೆ ತೆಳ್ಳಗಾಗಿ, ಟ್ರೇಯ ಒಂದು ಮೂಲೆಯಿಂದ ಶುರುವಾಗಿ ಸಾಲುಸಾಲಾಗಿ ಮಲಗಿದವು. ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಮೊದಲೇ ಬೆರೆಸಿದ್ದೆ, ಮೇಲಿನಿಂದ ಔಷಧಿಯನ್ನೂ ಸುರಿದೆ. ಬಿಸಿಲಿಲ್ಲದ ವಾರದಲ್ಲಿ ಬುಡ ಕೊಳೆಗೆ ಯಾವುದೂ ಅಡ್ಡ ಬರಲಿಲ್ಲ. ಅಲ್ಲಿಂದ ಮುಂದೆ ಖಾಲಿ ಟ್ರೇಯ ಅಂಕಿ ಎಷ್ಟೇ ಚೆನ್ನಾಗಿದ್ದರೂ, ಮುಂದಿನ ಒಂದು ವಾರ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಮುನ್ಸೂಚನೆ ಇದೆಯೇ ಎಂದು ಹವಾಮಾನ ಇಲಾಖೆಯ ವರದಿ ನೋಡದೆ ಬೀಜ ಮುಟ್ಟುವುದಿಲ್ಲ. 24ನೇ ತಾರೀಖಿನವರೆಗೆ ಕಾದದ್ದು ಅಂಥ ಒಂದು ವರ್ಷದಲ್ಲಿಯೇ.

ಹಾಗಾದರೆ ಇನ್ನೂ ಮುಂಚೆ, ಡಿಸೆಂಬರ್ ಮೊದಲ ವಾರದಲ್ಲಿಯೇ ಹಾಕಿದರೆ ಇನ್ನೂ ಲಾಭವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹತ್ತು ಟ್ರೇಗಳಲ್ಲಿ ಅದನ್ನೂ ನೋಡಿದ್ದೇನೆ. ಎರಡು ವಾರ ಮುಂಚೆ ಹಾಕಿದ ಸಸಿ ನಾಟಿಗೆ ಸಿದ್ಧವಾದದ್ದು ನಾಲ್ಕೈದು ದಿನ ಮುಂಚೆ ಮಾತ್ರ. ಜನವರಿಯ ತಣ್ಣನೆಯ ಮಣ್ಣಿಗೆ ಬಿದ್ದ ಆ ಸಸಿಗಳು ಕೆಳಗಿನ ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿ, ರಂಜಕ ಕೊಟ್ಟರೂ ಎಳೆದುಕೊಳ್ಳದೆ, ಕೊನೆಗೆ ಹಿಂದಿನಿಂದ ಬಂದವುಗಳ ಜೊತೆಯಲ್ಲಿಯೇ ಹೂ ಬಿಟ್ಟವು. ಮಂಜು ದಟ್ಟವಾಗಿರುವ ಬೆಳಗುಗಳಲ್ಲಿ ಎಲೆ, ಕಾಯಿ ಕೊಳೆಸುವ ಅಂಗಮಾರಿ ರೋಗದ ಭಯ ಬೇರೆ. ಎರಡು ಸಿಂಪಡಣೆಯ ಖರ್ಚು ದಂಡವಾಯಿತು.

ಈಗ, ಬೀಜ ಏಳುವ ತನಕ ಟ್ರೇಗಳನ್ನು ರೇಷ್ಮೆ ಹುಳು ಸಾಕುವ ಮನೆಯೊಳಗೆ ಬೆಚ್ಚಗಿಡುವ ವಿಷಯ. ನಮ್ಮ ತಾಲ್ಲೂಕಿನಲ್ಲಿ ಹುಳು ಮನೆ ಇಲ್ಲದ ತೋಟ ಕಡಿಮೆ. ಚಳಿಗಾಲದಲ್ಲಿ ಹುಳುವಿಗಾಗಿ ಆ ಮನೆಯನ್ನು 25, 26 ಡಿಗ್ರಿಗೆ ಬಿಸಿ ಮಾಡಿಯೇ ಇರುತ್ತೇವೆ. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಕಪ್ಪು ಹಾಳೆ ಸುತ್ತಿ ಅಲ್ಲಿಯೇ ಇಟ್ಟರೆ ಹೇಗೆ ಎಂದು ಯೋಚಿಸಿ ಮನೆಯವರ ಮುಂದೆ ಮಾತೆತ್ತಿದೆ. ಹುಳು ಎರಡನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿತ್ತು. "ಔಷಧಿ ಹಚ್ಚಿದ ಬೀಜ ಹುಳದ ಮನೆಗೆ ತರ್ತೀರಾ? ಟಮೋಟ ಬಂದ್ರೂ ಬರಬಹುದು, ಗೂಡು ಬರಲ್ಲ" ಎಂದು ಅವರು ಬಾಗಿಲಲ್ಲೇ ತಡೆದರು. ಅವರು ಹೇಳಿದ್ದೇ ಸರಿ, ಹುಳುವಿರುವಾಗ ಈ ಪ್ರಯೋಗಕ್ಕೆ ಯಾರೂ ಕೈ ಹಾಕಬಾರದು. ರೇಷ್ಮೆ ಗೂಡು ಮಾರಾಟಕ್ಕೆ ಹೋದ ಮೇಲೆ, ಮುಂದಿನ ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಬರುವವರೆಗಿನ ಬಿಡುವಿನಲ್ಲಿ ಮಾತ್ರ ನಾನು ಟ್ರೇ ಇಡುತ್ತೇನೆ, ಟ್ರೇ ಹೊರಬಿದ್ದ ಮೇಲೆಯೇ ಮನೆ ತೊಳೆದು ಸೋಂಕು ನಿವಾರಣೆ ನಡೆಯುತ್ತದೆ. ಬಿಡುವು ಹೊಂದದ ವರ್ಷ ಟ್ರೇಗಳು ದನದ ಕೊಟ್ಟಿಗೆಯ ಅಟ್ಟಕ್ಕೆ ಹೋಗುತ್ತವೆ.

ಒಳಗಿಟ್ಟ ಟ್ರೇಯಲ್ಲಿ ಐದನೇ ದಿನಕ್ಕೆ ಮೊಳಕೆ ಬಿಳಿ ಬೆನ್ನು ತೋರಿಸುತ್ತದೆ. ಆಗ ತಡ ಮಾಡಬಾರದು. ನೂರು ಕುಳಿಯಲ್ಲಿ ಐದಾರು ಕಂಡರೆ ಸಾಕು, ಅಂದೇ ಬಿಸಿಲು ಬಂದ ಮೇಲೆ ಎಲ್ಲವನ್ನೂ ಹೊರಗೆ ಹರಡಬೇಕು. ಒಮ್ಮೆ ಕೂಲಿಯವರು ಬರಲಿಲ್ಲವೆಂದು ಒಂದು ರಾತ್ರಿ ಬಿಟ್ಟದ್ದಕ್ಕೆ ಮೇಲಿನ ಟ್ರೇಗಳ ಸಸಿಯೆಲ್ಲ ಸಾರಿಗೆ ಕಟ್ಟಿದ ಹುರುಳಿ ಮೊಳಕೆಯಂತೆ ಉದ್ದಕ್ಕೆ ಬೆಳೆದು ನಿಂತಿದ್ದವು. ಅವು ಕೊನೆಗೂ ನೆಟ್ಟಗಾಗಲಿಲ್ಲ. ತಿಪ್ಪೆಯ ಕಾವಿನ ಮೇಲೆ ಹಲಗೆ ಹಾಕಿ ಇಟ್ಟೂ ನೋಡಿದ್ದೇನೆ. ಕಾವು ಸಿಗುತ್ತದೆ, ಆದರೆ ಕೆಳಗಿನ ಟ್ರೇ ಬೇಯುತ್ತದೆ, ಮೇಲಿನದು ತಣ್ಣಗೇ ಇರುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಈ ಕ್ರಮದಿಂದ ಸಸಿಗೆ ತಗಲುವ ಹೆಚ್ಚುವರಿ ಖರ್ಚು ಎಕರೆಗೆ ಸಾವಿರ, ಸಾವಿರದ ಇನ್ನೂರು ರೂಪಾಯಿ ಇರಬಹುದು. ಪ್ಲಾಸ್ಟಿಕ್ ಮತ್ತು ಡ್ರಮ್ ನಾಲ್ಕೈದು ವರ್ಷ ಬರುತ್ತವೆ. ಈಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಳಿ ಏಳುತ್ತವೆ. ಕಳೆದ ಬೇಸಿಗೆಯಲ್ಲಿ ನನ್ನ ಮೊದಲ ಐದಾರು ಕೊಯ್ಲಿಗೆ 15 ಕೆಜಿ ಬಾಕ್ಸಿಗೆ 280ರ ಆಸುಪಾಸು ಸಿಕ್ಕಿತು, ಸಂಕ್ರಾಂತಿಯ ಬೀಜದವರ ಮಾಲು ಬರುವ ಹೊತ್ತಿಗೆ 150ಕ್ಕೆ ಇಳಿದಿತ್ತು. ನೀಲಗಿರಿ ಕೋಲು, ದಾರ, ಗೊಬ್ಬರ, ಔಷಧಿ ಸೇರಿ ಎಕರೆಗೆ ಎರಡು ಲಕ್ಷದ ಹತ್ತಿರ ಸುರಿಯುವ ಬೆಳೆಯಲ್ಲಿ ಈ ಮೂರು ವಾರದ ಅಂತರವೇ ಬಡ್ಡಿ ಕಟ್ಟಿದ್ದು. ಪ್ರತಿ ವರ್ಷವೂ ಹೀಗೆಯೇ ಆಗುತ್ತದೆ ಎಂದು ಯಾರೂ ಲೆಕ್ಕ ಹಾಕಬೇಡಿ. 2023ರ ಬೇಸಿಗೆಯಲ್ಲಿ ಬೆಲೆ ನೆಲ ಕಚ್ಚಿತ್ತು, ಬುಡ ಕೊಳೆಯಿಂದ ಉಳಿದ ಸಸಿಗಳ ಮಾಲು ಬಾಡಿಗೆಗೂ ಸಾಲಲಿಲ್ಲ. ಅದೇ ವರ್ಷ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದಾಗ ನನ್ನ ಗಿಡಗಳು ಒಣಗಿ ಕೋಲು ಕಿತ್ತಾಗಿತ್ತು. "ಬೇಗ ಹಾಕಿ ಏನ್ ಕಂಡ್ರಿ?" ಎಂದು ಕೇಳದ ಬಂಧುವಿಲ್ಲ. ಜುಲೈನ ಆ ಬೆಲೆಯನ್ನು ಡಿಸೆಂಬರಿನಲ್ಲಿ ಕಂಡವರು ಯಾರಾದರೂ ಇದ್ದರೆ ನಾನೂ ಅವರ ಹಿಂದೆ ಹೋಗುತ್ತೇನೆ.

ಬೇರೆ ತರಕಾರಿಗಳಿಗೆ ಈ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಎಲೆಕೋಸು, ಮೂಲಂಗಿ, ಕ್ಯಾರೆಟ್‌ಗೆ ಇದರ ಅಗತ್ಯವೇ ಇಲ್ಲ, ಅವು ಚಳಿಯಲ್ಲಿಯೇ ಏಳುತ್ತವೆ. ಹೀರೆ ಮತ್ತು ಹಾಗಲವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆ ಮನೆಯ ಒಲೆಯ ಪಕ್ಕ ಇಟ್ಟು, ಮೊಳಕೆ ಒಡೆದ ಮೇಲೆ ಟ್ರೇಗೆ ಹಾಕಿದರೆ ಜನವರಿ ಮೊದಲ ವಾರದಲ್ಲಿಯೇ ನಡೆಯುತ್ತದೆ. ಬೆಂಡೆ ಮಾತ್ರ ಜಗ್ಗುವುದಿಲ್ಲ. ನೇರವಾಗಿ ಹೊಲಕ್ಕೆ ಊರುವ ಬೀಜವಾದ್ದರಿಂದ ಟ್ರೇಯ ಅಂಕಿ ಅದಕ್ಕೆ ಹೊಂದುವುದಿಲ್ಲ, ಬೆರಳುದ್ದ ಆಳದ ಮಣ್ಣಿನಲ್ಲಿ ಬೆಳಗಿನ ಅಂಕಿ 18 ದಾಟುವ ತನಕ, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಫೆಬ್ರವರಿ ಬರುವ ತನಕ, ಊರಿದ್ದೆಲ್ಲ ಅರ್ಧ ಕೊಳೆಯುತ್ತದೆ. ದೊಣ್ಣೆ ಮೆಣಸಿನಕಾಯಿಗೆ ಟೊಮೆಟೊಗಿಂತ ಹೆಚ್ಚು ಕಾವು ಬೇಕು, 20 ಡಿಗ್ರಿಯಲ್ಲಿಯೂ ಅದು ಹನ್ನೆರಡು ಹದಿಮೂರು ದಿನ ಎಳೆಯುತ್ತದೆ. ಒಂದು ಬೀಜಕ್ಕೆ ಎರಡು ಮೂರು ರೂಪಾಯಿ ಬೀಳುವ ಬೆಳೆಯಾದ್ದರಿಂದ ಈ ವರ್ಷ ನಾಲ್ಕೇ ಟ್ರೇ ಹಾಕಿ, ರೇಷ್ಮೆ ಮನೆಯಲ್ಲಿ ಎರಡು, ಅಟ್ಟದಲ್ಲಿ ಎರಡು ಇಟ್ಟು ನೋಡಲಿದ್ದೇನೆ.