ಸೆಕೆಂಡಿಗೆ 30 ಅಕ್ಷರ: ಹಳೆಯ ವಿಐ ಜೊತೆ ನನ್ನ ಒಂದು ತಿಂಗಳು

ಹದಿನೆಂಟು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಬೆಳಗಾದರೆ ವಿಮ್ ತೆರೆಯುತ್ತೇನೆ, ರಾತ್ರಿ ಮುಚ್ಚುತ್ತೇನೆ. ಕಡತ ಬರೆಯುವ, ತಿದ್ದುವ ಎಡಿಟರ್ ಅದು, ಹಳೆಯ ವಿಐ ಎಡಿಟರಿನ ಇವತ್ತಿನ ರೂಪ. ಕಮಾಂಡ್‌ಗಳೆಲ್ಲ ತಲೆಯಿಂದ ಇಳಿದು ಬೆರಳಲ್ಲಿ ಕೂತುಬಿಟ್ಟಿವೆ. ಹೋದ ವರ್ಷ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು: “ಸರ್, ಕೆಳಗೆ ಹೋಗೋಕೆ ಜೆ ಯಾಕೆ ಒತ್ತಬೇಕು? ಬದಲಾಯಿಸೋಕೆ ಸಿ, ಅಳಿಸೋಕೆ ಡಿ, ಇಷ್ಟೊಂದು ಯಾಕೆ? ಮೌಸ್ ಇದೆಯಲ್ವಾ?” ಮೊದಲಿಂದ ಹಾಗೇ ಇದೆಯಮ್ಮ ಅಂದೆ. ಆ ಉತ್ತರ ನನಗೇ ಒಪ್ಪಿಗೆ ಆಗಲಿಲ್ಲ. ಹಾಗಾದರೆ ಆ ಮೊದಲು ಅಂದರೆ ಏನು, ಹೋಗಿ ನೋಡೇಬಿಡೋಣ ಅನ್ನಿಸಿತು.

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದಕ್ಕೆ ಸಿಮ್‌ಎಚ್ ಹಾಕಿದೆ. ಹಳೆಯ ಕಂಪ್ಯೂಟರ್‌ಗಳ ನಡವಳಿಕೆಯನ್ನು ಹಾಗೆಹಾಗೇ ನಡೆಸಿ ತೋರಿಸುವ ತಂತ್ರಾಂಶ ಅದು. ಅದರೊಳಗೆ ಪಿಡಿಪಿ-11 ಅನ್ನುವ ಹಳೆಯ ಕಂಪ್ಯೂಟರ್, ಅದರ ಮೇಲೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆದ 2.11ಬಿಎಸ್‌ಡಿ. ಅದರಲ್ಲಿರುವ ವಿಐ 3.7ನೇ ಆವೃತ್ತಿ. ಬಿಲ್ ಜಾಯ್ ಬರೆದ ಮೂಲ ವಿಐ ವಂಶದ್ದೇ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಅದಕ್ಕೂ ಮುಂಚೆ ಯುನಿಕ್ಸ್‌ನಲ್ಲಿ ಇದ್ದದ್ದು ಕೆನ್ ಥಾಂಪ್ಸನ್ ಬರೆದ ಎಡ್. ಅದು ಸಾಲಿನ ಎಡಿಟರ್. ಸಾಲು ನೋಡಬೇಕಾದರೆ ತೋರಿಸು ಅಂತ ಕೇಳಬೇಕು, ತಿದ್ದಿದ ಮೇಲೆ ಸರಿ ಆಯಿತೋ ಇಲ್ಲವೋ ಅಂತ ಮತ್ತೆ ಕೇಳಬೇಕು. 1976ರಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೂಲೂರಿಸ್ ಬರ್ಕ್ಲಿಗೆ ಬಂದರು. ಎಡ್ ಅನ್ನು ತೆರೆಗೆ ಹೊಂದಿಸಿ ತಾವು ಬರೆದಿದ್ದ ಎಮ್ ಅನ್ನುವ ಎಡಿಟರ್ ತಂದಿದ್ದರು. ಅದನ್ನು ನೋಡಿ ಬಿಲ್ ಜಾಯ್ ಮತ್ತು ಚಕ್ ಹೇಲಿ ಕೆಲಸ ಶುರು ಮಾಡಿದರು. ಅದು ಬೆಳೆದು ಎಕ್ಸ್ ಆಯಿತು. 1979ರ ಮೇ ತಿಂಗಳಲ್ಲಿ ಎರಡನೇ ಬಿಎಸ್‌ಡಿ ಹೊರಬಂದಾಗ ಎಕ್ಸ್‌ನ ತೆರೆ ರೂಪಕ್ಕೆ ವಿಐ ಅಂತ ಸ್ವಂತ ಹೆಸರು ಸಿಕ್ಕಿತು. ಇವತ್ತಿಗೂ ವಿಐ ಒಳಗೆ : ಕೀ ಒತ್ತಿ ನಾವು ಕೊಡುವ ಕಮಾಂಡೆಲ್ಲ ಆ ಎಕ್ಸ್‌ನದ್ದೇ.

ಮೊದಲ ಎರಡು ದಿನ ನನಗೇನೂ ಹೊಸದು ಅನ್ನಿಸಲಿಲ್ಲ. ವಿಮ್ ಥರಾನೇ ಇದೆ, ಕೆಲವು ಸೌಲಭ್ಯ ಕಮ್ಮಿ, ಅಷ್ಟೇ. ಆಮೇಲೆ ತಪ್ಪು ಗೊತ್ತಾಯಿತು. ಯಂತ್ರ ಹಳೆಯದಾಗಿತ್ತು, ತಂತಿ ಮಾತ್ರ ಇವತ್ತಿನದು! ಬಿಲ್ ಜಾಯ್ ಮನೆಯಲ್ಲಿ ಕೂತು ಎಡಿಎಮ್-3ಎ ಅನ್ನುವ ಟರ್ಮಿನಲ್‌ನಿಂದ (ತೆರೆ, ಕೀಬೋರ್ಡ್ ಅಷ್ಟೇ ಇರುವ ಯಂತ್ರ) 300 ಬಾಡ್ ಮೋಡೆಮ್ ಮೂಲಕ ಕೆಲಸ ಮಾಡುತ್ತಿದ್ದರು. ಇಲ್ಲಿ 300 ಬಾಡ್ ಅಂದರೆ ಸೆಕೆಂಡಿಗೆ 300 ಬಿಟ್, ಒಂದು ಅಕ್ಷರಕ್ಕೆ 10 ಬಿಟ್ ಲೆಕ್ಕ. ಅಂದರೆ ಸೆಕೆಂಡಿಗೆ 30 ಅಕ್ಷರ. 80 ಅಗಲ, 24 ಸಾಲಿನ ತೆರೆಯಲ್ಲಿ 1,920 ಅಕ್ಷರ. ತೆರೆ ಪೂರ್ತಿ ತುಂಬಲು 64 ಸೆಕೆಂಡು.

ಹಾಗಾಗಿ ನಡುವೆ ಒಂದು ಚಿಕ್ಕ ಪ್ರೋಗ್ರಾಮ್ ಕೂರಿಸಿದೆ. ಆ ಕಡೆಯಿಂದ ಬಂದದ್ದನ್ನು ಹಿಡಿದಿಟ್ಟು ಸೆಕೆಂಡಿಗೆ 30ರಂತೆ ಮಾತ್ರ ಬಿಡುತ್ತದೆ. ಯುನಿಕ್ಸ್‌ಗೂ ತಂತಿಯ ವೇಗ 300 ಅಂತ ಹೇಳಿದೆ. ಟರ್ಮ್‌ಕ್ಯಾಪ್‌ನಲ್ಲಿ ನನ್ನದೇ ಒಂದು ಟರ್ಮಿನಲ್ ಬರೆದೆ. ಯಾವ ಟರ್ಮಿನಲ್‌ಗೆ ಏನೇನು ಬರುತ್ತದೆ ಅಂತ ಎಡಿಟರ್‌ಗೆ ಹೇಳುವ ಕಡತ ಅದು. ಕರ್ಸರ್ ಸರಿಸುವುದು, ತೆರೆ ಒರೆಸುವುದು, ಇವೆರಡೇ ಬರುತ್ತೆ ಅಂತ ಬರೆದೆ. ಎಡಿಎಮ್-3ಎಗೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ನಡುವೆ ಒಂದು ಸಾಲು ತೆಗೆದು ಉಳಿದದ್ದನ್ನು ಮೇಲೆ ಎಳೆಯುವುದು ಅದಕ್ಕೆ ಗೊತ್ತಿರಲಿಲ್ಲ.

ಮಾಡುವುದಕ್ಕೆ ನಿಜವಾದ ಕೆಲಸವೂ ಬೇಕಿತ್ತು. ಅಮ್ಮನ ತವರು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಮನೆ. ಅಲ್ಲಿನ ಮಾತುಗಳನ್ನು ಬರೆದಿಡಬೇಕು ಅಂತ ತುಂಬಾ ದಿನದ ಆಸೆ. ದೋಟಿ, ಸೋಗೆ, ಮೆಟ್ಟುಕತ್ತಿ, ಚೊಗರು, ಕೊನೆಗೌಡ. ಸಾಲಿಗೊಂದು ಪದ, ಅಲ್ಪವಿರಾಮ, ಅರ್ಥ. ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುವುದು, ಹೇಳಿದ್ದನ್ನು ಹೊಡೆಯುವುದು.

ಕನ್ನಡ ಲಿಪಿಯಲ್ಲಿ ಆಗುವುದಿಲ್ಲ. ಹಳೆಯ ವಿಐ ಪ್ರತಿ ಅಕ್ಷರದ ಎಂಟನೇ ಬಿಟ್ಟನ್ನು ತನ್ನ ಒಳಗಿನ ಗುರುತಿಗೆ ಬಳಸಿಕೊಳ್ಳುತ್ತದೆ. ಇವತ್ತಿನ ಯುಟಿಎಫ್-8 ಸಂಕೇತದಲ್ಲಿ ಒಂದು ಕನ್ನಡ ಅಕ್ಷರಕ್ಕೆ ಮೂರು ಬೈಟ್, ಮೂರರಲ್ಲೂ ಆ ಬಿಟ್ ಬೇಕೇಬೇಕು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆದೆ. ದೊಡ್ಡಕ್ಷರ ಹಾಕಿದರೆ ದೀರ್ಘ, ದೊಡ್ಡ ಡಿ ಹಾಕಿದರೆ ‘ಡ’, ಆ ಪದ್ಧತಿ.

300 ಬಾಡ್‌ನಲ್ಲಿ ಕಡತ ತೆರೆದ ಕೂಡಲೇ ಮೊದಲ ಆಶ್ಚರ್ಯ. ವಿಐ ಇಡೀ ತೆರೆ ಬಿಡಿಸಲಿಲ್ಲ. ಎಂಟೇ ಸಾಲು ತೋರಿಸಿ ನಿಂತಿತು. ತಂತಿಯ ವೇಗ ಎಷ್ಟು ಅಂತ ಅದು ಯುನಿಕ್ಸನ್ನು ಕೇಳಿಕೊಳ್ಳುತ್ತದೆ. 600 ಬಾಡ್ ಅಥವಾ ಕಮ್ಮಿ ಇದ್ದರೆ 8 ಸಾಲು, 1200 ಇದ್ದರೆ 16, ಅದಕ್ಕೂ ಜಾಸ್ತಿ ಇದ್ದರೆ ಪೂರ್ತಿ. ವಿಂಡೋ ಅನ್ನುವ ಆಯ್ಕೆ ವಿಮ್‌ನಲ್ಲೂ ಇದೆ, ಯಾಕೆ ಅಂತ ಯೋಚಿಸಿಯೇ ಇರಲಿಲ್ಲ. ನನ್ನ ಸಾಲು ಸುಮಾರು 40 ಅಕ್ಷರ. ಎಂಟು ಸಾಲಿಗೆ 320. ಹನ್ನೊಂದು ಸೆಕೆಂಡಿನೊಳಗೆ ಕೆಲಸ ಶುರು ಮಾಡಬಹುದು. ಒಂದು ನಿಮಿಷ ಕಾಯುವುದೆಲ್ಲಿ, ಹನ್ನೊಂದು ಸೆಕೆಂಡೆಲ್ಲಿ!

ಎರಡನೆಯದು ಒಂದು ಸಾಲು ಅಳಿಸಿದಾಗ. ಡಿ ಎರಡು ಸಲ ಒತ್ತಿದೆ. ಸಾಲು ಹೋಯಿತು, ಆದರೆ ಕೆಳಗಿನವು ಮೇಲೆ ಬರಲಿಲ್ಲ. ಆ ಜಾಗದಲ್ಲಿ ಬರೀ ಒಂದು @ ಬಂದು ಕೂತಿತು. ಇಲ್ಲಿ ಏನೂ ಇಲ್ಲ, ತೆರೆಯ ಮೇಲಷ್ಟೇ ಜಾಗ ಖಾಲಿ ಉಳಿದಿದೆ ಅಂತ ಅರ್ಥ. ಕೆಳಗಿನದ್ದನ್ನೆಲ್ಲ ಮತ್ತೆ ಬರೆಯುವುದಕ್ಕಿಂತ ಒಂದು ಅಕ್ಷರ ಕಳಿಸಿ ಮುಗಿಸುವುದು ಅಗ್ಗ ಅಲ್ವಾ? ಅಂಥವು ನಾಲ್ಕೈದು ಸೇರಿ ಕಣ್ಣಿಗೆ ಕಿರಿಕಿರಿ ಆದರೆ ಕಂಟ್ರೋಲ್-ಆರ್ ಒತ್ತಬೇಕು. ಆಗ ತೆರೆ ಸರಿ ಮಾಡಿಕೊಡುತ್ತದೆ. ವಿಮ್‌ನಲ್ಲಿ ಅದೇ ಕೀ ರದ್ದು ಮಾಡಿದ್ದನ್ನು ಮತ್ತೆ ತರುವ ಕೀ ಆಗಿದೆ. ಈ ಒಂದು ಅಭ್ಯಾಸ ಬಿಡುವುದಕ್ಕೆ ನನಗೆ ವಾರ ಹಿಡಿಯಿತು.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ‘ಅಡಿಕೆ ಕೊಯ್ಯುವ ಕೋಲು’ ಅಂತ ಇದ್ದದ್ದನ್ನು ‘ಅಡಿಕೆ ಕೊಯ್ಯುವ ಉದ್ದನೆಯ ಕೋಲು’ ಅಂತ ಮಾಡಬೇಕಿತ್ತು. ಕೋಲು ಪದದ ಮೇಲೆ ನಿಂತು ಸಿ, ಡಬ್ಲ್ಯು ಒತ್ತಿದೆ. ಇವತ್ತಿನ ವಿಮ್ ಆದರೆ ಪದ ತಕ್ಷಣ ಮಾಯ ಆಗುತ್ತೆ. ಇದು ಹಾಗೆ ಮಾಡಲಿಲ್ಲ. ಹಳೆಯ ಪದವನ್ನು ಹಾಗೇ ಬಿಟ್ಟು, ಅದರ ಕೊನೆಯ ಅಕ್ಷರದ ಮೇಲೆ ಮಾತ್ರ ಒಂದು $ ಇಟ್ಟಿತು. ಇಲ್ಲಿವರೆಗೆ ಇರುವುದು ಹೋಗುತ್ತದೆ, ನೀನು ಬರಿ ಅನ್ನುವ ಹಾಗೆ. ನಾನು ಹೊಡೆಯುತ್ತಾ ಹೋದ ಹಾಗೆ ಹೊಸ ಅಕ್ಷರ ಹಳೆಯದನ್ನು ಮುಚ್ಚುತ್ತಾ ಹೋಯಿತು. ಜಾಗ ಮೀರಿದ ಮೇಲೂ ಬಲಗಡೆಯದನ್ನು ಒಂದೊಂದೇ ಅಕ್ಷರಕ್ಕೆ ತಳ್ಳುತ್ತಾ ಕೂರಲಿಲ್ಲ. ಎಸ್ಕೇಪ್ ಒತ್ತಿದ ಮೇಲೆ ಒಂದೇ ಸಲ ಸಾಲನ್ನು ಸರಿ ಮಾಡಿತು. ವಿಮ್‌ನಲ್ಲಿ ಈ $ ಬೇಕಾದರೆ ಆಯ್ಕೆ ಇದೆ. ಈಗ ಹಾಕಿಕೊಂಡಿದ್ದೇನೆ.

ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು. ಎಡಿಎಮ್-3ಎಯಲ್ಲಿ ಬಾಣಕ್ಕೆ ಬೇರೆ ಕೀ ಇಲ್ಲ. ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣ ಅಚ್ಚು ಹಾಕಿದ್ದರು. ಕಂಟ್ರೋಲ್ ಜೊತೆ ಒತ್ತಿದರೆ ಕರ್ಸರ್ ಓಡುತ್ತಿತ್ತು. ಕಂಟ್ರೋಲ್-ಎಚ್ ಅಂದರೆ ಆಸ್ಕಿ ಅನ್ನುವ ಅಕ್ಷರ ಸಂಕೇತದಲ್ಲಿ ಒಂದು ಅಕ್ಷರ ಹಿಂದಕ್ಕೆ, ಕಂಟ್ರೋಲ್-ಜೆ ಅಂದರೆ ಒಂದು ಸಾಲು ಕೆಳಕ್ಕೆ. ಎಸ್ಕೇಪ್ ಕೀ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಹತ್ತಿರ. ನಾವು ಈಗ ಎಸ್ಕೇಪ್‌ಗೆ ಕೈ ಚಾಚುವುದು ಆ ಕೀಬೋರ್ಡ್ ಹೋಗಿಬಿಟ್ಟಿದ್ದರಿಂದ. ಮುಂದೆ ವಿಐ ಜವಾಬ್ದಾರಿ ತೆಗೆದುಕೊಂಡ ಮೇರಿ ಆನ್ ಹೋರ್ಟನ್ ಬಾಣದ ಕೀ, ಫಂಕ್ಷನ್ ಕೀ, ಮ್ಯಾಕ್ರೋ ಎಲ್ಲ ಸೇರಿಸಿದರು.

ಕರ್ಸರ್ ಓಡಿಸುವುದರಲ್ಲೂ ಇದೇ ಜಿಪುಣತನ. ಎಡಿಎಮ್-3ಎಗೆ ಕರ್ಸರ್ ಇಂಥ ಜಾಗಕ್ಕೆ ಹೋಗು ಅಂತ ಹೇಳಲು ನಾಲ್ಕು ಅಕ್ಷರ ಬೇಕು. ಎರಡೇ ಮನೆ ಹಿಂದೆ ಹೋಗಬೇಕಾದರೆ ಎರಡು ಬ್ಯಾಕ್‌ಸ್ಪೇಸ್ ಸಾಕು. ವಿಐ ಪ್ರತಿ ಸಲ ಲೆಕ್ಕ ಹಾಕಿ ಯಾವುದು ಕಮ್ಮಿಯೋ ಅದನ್ನು ಕಳಿಸುತ್ತದೆ. ಬರ್ಕ್ಲಿಯಲ್ಲೇ ಇದ್ದ ಕೆನ್ ಆರ್ನಾಲ್ಡ್ ಈ ಲೆಕ್ಕದ ಭಾಗವನ್ನು ತೆಗೆದುಕೊಂಡು, ಬೇರೆ ಪ್ರೋಗ್ರಾಮ್‌ಗಳೂ ತೆರೆ ಬಿಡಿಸಲು ಬಳಸಬಹುದಾದ ಕರ್ಸಸ್ ಲೈಬ್ರರಿ ಕಟ್ಟಿದರು. ಟರ್ಮಿನಲ್‌ನಲ್ಲಿ ಓಡುವ ಎಷ್ಟೋ ಪ್ರೋಗ್ರಾಮ್‌ಗಳ ಬೇರು ಅಲ್ಲಿದೆ.

ಕಮಾಂಡ್‌ಗಳ ಬಗ್ಗೆ ಹೇಳುವುದಾದರೆ, ನಾನು ದಿನಾ ಬಳಸುತ್ತಿದ್ದವೇ ಬೇರೆ ಥರ ಕಾಣತೊಡಗಿದವು. ಪುಟ ಪುಟ ತಿರುವಿಕೊಂಡು ಹೋಗುವ ಅಭ್ಯಾಸ ಮೊದಲ ದಿನವೇ ಬಿಟ್ಟುಹೋಯಿತು. ಬೇಕಾದ ಪದವನ್ನು ಓರೆಗೆರೆ ಹಾಕಿ ಹುಡುಕುವುದು, ನೇರ ಅಲ್ಲಿಗೇ ಇಳಿಯುವುದು. ಅಲ್ಪವಿರಾಮದವರೆಗೆ ಅಳಿಸಬೇಕಾದರೆ ಡಿ, ಎಫ್, ಅಲ್ಪವಿರಾಮ. ‘ಮರದ’ ಅನ್ನುವುದನ್ನು ಏಳು ಕಡೆ ‘ಅಡಿಕೆ ಮರದ’ ಅಂತ ಮಾಡಬೇಕಿತ್ತು. ಮೊದಲನೆಯದನ್ನು ಕೈಯಲ್ಲಿ ತಿದ್ದಿದೆ. ಆಮೇಲೆ ಎನ್ ಒತ್ತಿ ಮುಂದಿನದಕ್ಕೆ, ಚುಕ್ಕೆ ಒತ್ತಿ ಅದೇ ತಿದ್ದುಪಡಿ. ಬೇಡದ ಕಡೆ ಚುಕ್ಕೆ ಒತ್ತಲಿಲ್ಲ. ~ ಕೀ ಅಂತೂ ಕನ್ನಡಕ್ಕೇ ಮಾಡಿದ ಹಾಗಿತ್ತು. ಅಕ್ಷರವನ್ನು ಚಿಕ್ಕದಿಂದ ದೊಡ್ಡದು ಮಾಡಿ ಮುಂದಿನದಕ್ಕೆ ಸರಿಯುತ್ತದೆ. ಅವಸರದಲ್ಲಿ ಎಲ್ಲ ಚಿಕ್ಕಕ್ಷರದಲ್ಲಿ ಹೊಡೆದು ‘ಹದು’ ಆಗಿದ್ದರೆ, ಎ ಮೇಲೆ ನಿಂತು ಎರಡು ಸಲ ~ ಒತ್ತಿದರೆ ‘ಹಾಡು’. ದೀರ್ಘವೂ ಬಂತು, ‘ಡ’ ಕೂಡ ಬಂತು.

ಪದೇ ಪದೇ ಬರುವ ಮಾತಿಗೆ ಸಂಕ್ಷೇಪ ಇಟ್ಟುಕೊಂಡೆ. ಎಬಿ ಅನ್ನುವ ಕಮಾಂಡ್ ಕೊಟ್ಟು ಎರಡಕ್ಷರಕ್ಕೆ ‘ಅಡಿಕೆ ತೋಟದಲ್ಲಿ’ ಅಂತ ಕಟ್ಟಿದೆ. ಒಂದೇ ಪದ ಎರಡು ಸಲ ಬಂದಿದೆಯಾ ನೋಡಬೇಕಾದರೆ 1, ದೊಡ್ಡ ಜಿ, ಆಮೇಲೆ !, ದೊಡ್ಡ ಜಿ ಒತ್ತಿ ಸಾರ್ಟ್ ಕಮಾಂಡ್ ಕೊಡುವುದು. ಇಡೀ ಕಡತ ಹೊರಗೆ ಹೋಗಿ, ಜೋಡಿಸಿಕೊಂಡು, ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಇಂಗ್ಲಿಷ್ ಅಕ್ಷರದ ಕ್ರಮ, ನಮ್ಮ ಕಾಗುಣಿತದ್ದಲ್ಲ. ಆದರೂ ಒಂದೇ ಪದ ಎರಡು ಸಲ ಬರೆದದ್ದು ಪಕ್ಕಪಕ್ಕ ಬಂದು ಸಿಕ್ಕಿಬೀಳುತ್ತಿತ್ತು.

ಹದಿನೈದನೇ ದಿನ ನನ್ನ ಕೈಯಿಂದ ಒಂದು ತಪ್ಪು ಆಯಿತು. ಬೇಡದ ಸಾಲು ಅಂತ ಬೇರೆ ಬೇರೆ ಕಡೆ ಐದು ಅಳಿಸಿದೆ. ಅದರಲ್ಲಿ ಒಂದು ಚೊಗರಿನ ಸಾಲು. ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನ ಬಗ್ಗೆ ಅಮ್ಮ ಹತ್ತು ನಿಮಿಷ ವಿವರಿಸಿದ್ದನ್ನು ಕಷ್ಟಪಟ್ಟು ಒಂದು ಸಾಲಿಗೆ ಇಳಿಸಿದ್ದೆ. ಹಳೆಯ ವಿಐಯಲ್ಲಿ ಯು ಒತ್ತಿದರೆ ಕೊನೆಯ ಒಂದೇ ಬದಲಾವಣೆ ರದ್ದಾಗುತ್ತದೆ. ಇನ್ನೊಮ್ಮೆ ಒತ್ತಿದರೆ ರದ್ದು ಮಾಡಿದ್ದೇ ರದ್ದು, ಅದಕ್ಕೂ ಹಿಂದಕ್ಕೆ ಹೋಗುವುದಿಲ್ಲ. ಎದೆ ಧಸಕ್ ಅಂತು.

ಆಮೇಲೆ ಕೈಪಿಡಿಯಲ್ಲಿ ಓದಿದ್ದು ನೆನಪಾಯಿತು. ಅಳಿಸಿದ ಸಾಲುಗಳನ್ನು ವಿಐ 1ರಿಂದ 9ರವರೆಗೆ ನಂಬರ್ ಹಾಕಿದ ಒಂಬತ್ತು ಡಬ್ಬಿಗಳಲ್ಲಿ ಇಟ್ಟಿರುತ್ತದೆ. ಕೊನೆಯದು 1ರಲ್ಲಿ, ಅದಕ್ಕೂ ಹಿಂದಿನದು 2ರಲ್ಲಿ, ಹೀಗೆ. "1 ಹಾಕಿ ಪಿ ಒತ್ತಿದೆ. ಬಂದದ್ದು ಬೇರೆ ಸಾಲು. ಯು ಒತ್ತಿ ತೆಗೆದೆ. ಈಗ ಬರೀ ಚುಕ್ಕೆ ಒತ್ತಿದೆ. ಚುಕ್ಕೆ ಅಂದರೆ ಹಿಂದಿನ ಕೆಲಸ ಮತ್ತೆ ಮಾಡು ಅಂತ. ಆದರೆ ಇಲ್ಲಿ ಅದು ತಾನಾಗಿಯೇ 2ನೇ ಡಬ್ಬಿಗೆ ಹೋಗುತ್ತದೆ. ಅದೂ ಅಲ್ಲ. ಯು, ಚುಕ್ಕೆ. ಯು, ಚುಕ್ಕೆ. ನಾಲ್ಕನೇ ಡಬ್ಬಿಯಲ್ಲಿ ಚೊಗರು ಸಿಕ್ಕಿತು. ಎರಡೇ ಕೀ ಒತ್ತುತ್ತಾ ಕಳೆದುಹೋದದ್ದರಲ್ಲಿ ಒಂದೊಂದಾಗಿ ಹಿಂದಕ್ಕೆ ನಡೆಯುವ ದಾರಿ ಮಾಡಿಟ್ಟವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಇನ್ನೊಮ್ಮೆ ಮನೆಯಲ್ಲಿ ಕರೆಂಟ್ ಹೋಗಿ ಪೈ ಆರಿತು. ಕಡತ ಉಳಿಸಿರಲಿಲ್ಲ. ಮತ್ತೆ ಶುರು ಮಾಡಿ ಲಾಗಿನ್ ಆದರೆ ಯುನಿಕ್ಸ್ ಒಳಗೇ ನನಗೊಂದು ಮೇಲ್ ಬಂದಿದೆ! ನೀನು ತಿದ್ದುತ್ತಿದ್ದ ಕಡತದ ಪ್ರತಿ ಎತ್ತಿಟ್ಟಿದ್ದೇವೆ, ಹೀಗೆ ತೆಗೆದುಕೋ ಅಂತ ದಾರಿ ಸಮೇತ. ವಿಐಗೆ ಆರ್ ಆಯ್ಕೆ ಕೊಟ್ಟು ತೆರೆದೆ. ಕೊನೆಯ ಮೂರು ಸಾಲು ಬಿಟ್ಟು ಎಲ್ಲ ಇತ್ತು. ಪಿಡಿಪಿ-11ರಲ್ಲಿ ಪ್ರೋಗ್ರಾಮ್‌ಗೆ ಸಿಗುವ ಜಾಗ ತೀರಾ ಕಮ್ಮಿ. 16 ಬಿಟ್ ವಿಳಾಸದಲ್ಲಿ ಎಟುಕುವುದು 65,536 ಬೈಟ್. ಅದಕ್ಕೇ ಕಡತವನ್ನು ಮೆಮೊರಿಯಲ್ಲಿ ಹಿಡಿದಿಡದೆ ಡಿಸ್ಕಿನ ತಾತ್ಕಾಲಿಕ ಕಡತದಲ್ಲಿ ಇಟ್ಟಿರುತ್ತದೆ. ಆ ಬಡತನವೇ ನನ್ನ ಪದಗಳನ್ನು ಉಳಿಸಿತು.

ನನಗೆ ಕೊರತೆ ಅನ್ನಿಸಿದ್ದು ಒಂದೇ. ಎರಡು ಕಡತ ಪಕ್ಕಪಕ್ಕ ನೋಡಲು ಆಗುವುದಿಲ್ಲ. 1984ರಲ್ಲಿ ಯುನಿಕ್ಸ್ ರಿವ್ಯೂ ಪತ್ರಿಕೆಯ ಸಂದರ್ಶನದಲ್ಲಿ ಬಿಲ್ ಜಾಯ್ ಅದರ ಕಥೆ ಹೇಳಿದ್ದಾರೆ. 1978ರ ಡಿಸೆಂಬರ್ ಹೊತ್ತಿಗೆ ಅವರು ಅದನ್ನೇ ಸೇರಿಸುತ್ತಿದ್ದರು. ಟೇಪ್ ಡ್ರೈವ್ ಕೆಟ್ಟಿತ್ತು, ಬ್ಯಾಕಪ್ ಇರಲಿಲ್ಲ. ಬರೆದ ಕೋಡ್ ಹಾಳಾಯಿತು, ಪೂರ್ತಿ ಅಚ್ಚು ಪ್ರತಿಯೂ ಇರಲಿಲ್ಲ. ಸರ್ವರ್ ನೋಡಿಕೊಳ್ಳುವವನಾಗಿ ಅದನ್ನು ಓದಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ತಿಂಗಳ ಕೊನೆಗೆ ಅಮ್ಮ ನಮ್ಮ ಮನೆಗೆ ಬಂದರು. ಕಡತದಲ್ಲಿ ಆಗ 412 ಸಾಲು. ಅದನ್ನು ಹೊರಗೆ ತರಬೇಕಿತ್ತು. ಸುಮ್ನೆ ತೆರೆಯ ಮೇಲೆ ಪೂರ್ತಿ ಹರಿಸಿ ಈ ಕಡೆ ಹಿಡಿದುಕೊಂಡರೆ ಸಾಕು. 300 ಬಾಡ್‌ನಲ್ಲಿ ಒಂಬತ್ತು ನಿಮಿಷ. ವೇಗ ಹೆಚ್ಚಿಸಬಹುದಿತ್ತು, ಮಾಡಲಿಲ್ಲ. ಅಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಇಂಗ್ಲಿಷ್ ಅಕ್ಷರದ ಕನ್ನಡ ಅವರಿಗೆ ವಾಟ್ಸಾಪ್‌ನಲ್ಲಿ ರೂಢಿ. ಸಾಲುಗಳು ಒಂದೊಂದಾಗಿ ಬರುತ್ತಿದ್ದವು, ಅವರು ಓದುತ್ತಿದ್ದರು. ನಡುವೆ ಸಣ್ಣಗೆ ನಗು, ಒಂದೆರಡು ಕಡೆ ‘ಹೌದು ಹೌದು’.

ಪಟ್ಟಿ ಮುಗಿಯಿತು. ಅಮ್ಮ ಇನ್ನೂ ತೆರೆಯನ್ನೇ ನೋಡುತ್ತಿದ್ದರು.

“ಹಾಳೆಟೊಪ್ಪಿ ಹೇಳಿರಲಿಲ್ವೇನೋ ನಿಂಗೆ? ಅದೆಲ್ಲಿ?”

ಹೇಳಿದ್ದರು. ನಾನೇ ಬಿಟ್ಟಿದ್ದೆ. ವಿಐ ತೆರೆದೆ. ಎಂಟು ಸಾಲು ಬರುವವರೆಗೆ ಇಬ್ಬರೂ ಕಾದೆವು. ದೊಡ್ಡ ಜಿ ಒತ್ತಿ ಕೊನೆಯ ಸಾಲಿಗೆ ಹೋದೆ, ಆಮೇಲೆ ಹೊಸ ಸಾಲಿಗೆ ಓ.

“ಹೇಳಮ್ಮ” ಅಂದೆ.