ಕೆಸರು ದೋಣಿ ಹತ್ತದಿರಲಿ: ಲಂಗರು ತೊಳೆಯುವ ಪಂಪು ಕೂರಿಸುವುದು ಹೀಗೆ

ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಮೋಟರ್ ದೋಣಿ ಇಳಿಸುವವರಿಗೆ ಲಂಗರು ಎತ್ತುವ ಹೊತ್ತು ಹೇಗಿರುತ್ತದೆ ಅಂತ ಗೊತ್ತು. 1953ರಲ್ಲಿ ಅಣೆಕಟ್ಟು ಮುಗಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು ಹಿಡಿಯುತ್ತದೆ. ಉಳಿದದ್ದು ಹೂಳಿನ ಪಾಲು. ನಮ್ಮ ಲಂಗರು ಹೋಗಿ ಕೂರುವುದೂ ಆ ಹೂಳಿನಲ್ಲೇ.

ಹರಿಗೋಲಿನವರ ಕಲ್ಲಾದರೆ ನಾಲ್ಕು ಸಲ ನೀರಿಗೆ ಅದ್ದಿದರೆ ಸಾಕು. ಸರಪಳಿ ಹಾಗಲ್ಲ. ಒಂದೊಂದು ಕೊಂಡಿಯ ಸಂದಿಯಲ್ಲೂ ಎರೆ ಮಣ್ಣು ಮೆತ್ತಿಕೊಂಡು ಮೇಲೆ ಬರುತ್ತದೆ. ಸರಪಳಿ ಇಡುವ ಪೆಟ್ಟಿಗೆಯಲ್ಲಿ ಒಣಗಿತೋ, ಆಮೇಲೆ ಉಳಿ ತಗೊಂಡು ಕೆರೆಯಬೇಕು. ಅದಕ್ಕೇ ಮೇಲೆ ಬರುವಾಗಲೇ ನೀರು ಹೊಡೆದು ತೊಳೆಯುವ ಪಂಪು ಬೇಕು.

ಕೆಲಸ ಕಷ್ಟವಲ್ಲ. ಹೊಲದಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ನೋಡಿದ್ದೀರಲ್ವಾ? ಅದರೊಳಗಿರುವ ಡಯಾಫ್ರಾಮ್ ಪಂಪಿನ ದೊಡ್ಡಣ್ಣ ಇದು. 12 ವೋಲ್ಟಿನದು, ನಿಮಿಷಕ್ಕೆ 15ರಿಂದ 19 ಲೀಟರ್ ಎತ್ತುವಂಥದ್ದು ಸಾಕು. ಪ್ರೆಷರ್ ಸ್ವಿಚ್ ಇರುವುದನ್ನೇ ತಗೊಳ್ಳಿ. ಪೈಪಿನ ತುದಿಯಲ್ಲಿ ನೀರು ಹೊಡೆಯುವ ಗನ್ ಬಿಟ್ಟರೆ ಪಂಪು ತಾನೇ ನಿಲ್ಲುತ್ತದೆ, ಒತ್ತಿದರೆ ಶುರುವಾಗುತ್ತದೆ.

ಮೊದಲ ತೀರ್ಮಾನ, ನೀರು ಎಲ್ಲಿಂದ ಎಳೆಯಬೇಕು ಅನ್ನುವುದು. ಚಿಕ್ಕ ದೋಣಿಯಾದರೆ ತಳಕ್ಕೆ ತೂತು ಕೊರೆಯಲೇಬೇಕೆಂದಿಲ್ಲ. ತುದಿಗೆ ಜಾಲರಿ ಇರುವ ಫುಟ್‌ವಾಲ್ವ್ ಹಾಕಿ, ಪೈಪನ್ನು ಅಂಚಿನಿಂದ ನೀರಿಗೆ ಇಳಿಬಿಟ್ಟರೂ ನಡೆಯುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ತೂತೇ ಬೇಕು ಅಂದರೆ ಬೇಸಿಗೆಗೆ ಕಾಯಿರಿ. ಹೇಗೂ ಆಗ ಜಲಾಶಯ ಇಳಿದು ದೋಣಿ ದಡದ ಮೇಲಿರುತ್ತದೆ.

ತೂತಿನ ಕೆಲಸದಲ್ಲಿ ಆತುರ ಬೇಡ. ಮೊದಲು ಸಣ್ಣ ಬಿಟ್‌ನಿಂದ ಕೊರೆದು ಒಳಗೆ ಏನೂ ಅಡ್ಡ ಇಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಹೋಲ್‌ಸಾ, ಅಂದರೆ ದುಂಡಗೆ ತೂತು ಕೊರೆಯುವ ಗರಗಸ ಹಾಕಿ, ಹೊರಗಿನಿಂದ. ಫೈಬರ್ ಪದರಗಳ ನಡುವೆ ಪ್ಲೈವುಡ್ ಕಂಡರೆ ಅದರ ಅಂಚಿಗೆಲ್ಲ ಎಪಾಕ್ಸಿ ಅಂಟು ತುಂಬಿ ಒಣಗಲು ಬಿಡಿ. ಇಲ್ಲದಿದ್ದರೆ ನೀರು ಕುಡಿದು ಕೊಳೆಯುತ್ತದೆ. ಫಿಟ್ಟಿಂಗ್ ಸುತ್ತ ದೋಣಿಗೆಂದೇ ಬರುವ ಸೀಲಂಟ್ ಹಚ್ಚಿ, ಒಳಗಡೆ ಮುಚ್ಚುವ ವಾಲ್ವ್ ಕೂರಿಸಿ. ಆ ವಾಲ್ವ್ ಕೈಗೆ ಸಲೀಸಾಗಿ ಸಿಗಬೇಕು. ಮನೆಯ ಪಿವಿಸಿ ನಲ್ಲಿ ಸಾಮಾನು ನೀರಿನ ಮಟ್ಟಕ್ಕಿಂತ ಕೆಳಗೆ ಬೇಡವೇ ಬೇಡ. ಅಲ್ಲಿ ಮುರಿದರೆ ದೋಣಿಯೇ ಮುಳುಗುತ್ತದೆ.

ವಾಲ್ವ್ ಆದ ಮೇಲೆ ಕಸ ತಡೆಯುವ ಜಾಲರಿಯ ಸ್ಟ್ರೈನರ್, ಅದಾದ ಮೇಲೆ ಪಂಪು. ಈ ಕ್ರಮ ತಪ್ಪಿಸಬೇಡಿ. ನಮ್ಮ ನೀರಿನಲ್ಲಿ ಮರಳು, ಕಸ ಜಾಸ್ತಿ. ಒಂದು ಹರಳು ಡಯಾಫ್ರಾಮಿನ ವಾಲ್ವಿನಲ್ಲಿ ಸಿಕ್ಕಿದರೆ ಪಂಪು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಬರಲ್ಲ. ಪಂಪನ್ನು ಉದ್ದಕ್ಕೆ ನೆಟ್ಟಗೆ ಕೂರಿಸುವುದಾದರೆ ಮೋಟರ್ ಮೇಲಿರಲಿ, ನೀರಿನ ಭಾಗ ಕೆಳಗಿರಲಿ. ಸೋರಿದರೂ ಮೋಟರಿಗೆ ತಾಗುವುದಿಲ್ಲ.

ನಾನು ಮೊದಲು ಕೂರಿಸಿದಾಗ ನೀರೆಳೆಯುವ ಕಡೆಗೆ ಗಿಡಕ್ಕೆ ನೀರು ಬಿಡುವ ಮೆತ್ತನೆ ಪೈಪು ಹಾಕಿದ್ದೆ. ಸ್ವಿಚ್ ಹಾಕಿದರೆ ಪಂಪು ಗುಂಯ್ ಅನ್ನುತ್ತಿತ್ತು, ಗನ್ನಿನಿಂದ ನೂಲಿನಷ್ಟು ನೀರು. ಅರ್ಧ ದಿನ ವೈರು, ಫ್ಯೂಸು ಎಲ್ಲ ಬಿಚ್ಚಿ ನೋಡಿದೆ. ಕೊನೆಗೆ ಬಗ್ಗಿ ಕೈಯಾಡಿಸಿದಾಗ ಪೈಪು ದೋಸೆಯಂತೆ ಚಪ್ಪಟೆಯಾಗಿ ಒಳಮೈ ಒಂದಕ್ಕೊಂದು ಅಂಟಿಕೊಂಡಿತ್ತು. ಒಳಗೆ ಸುರುಳಿ ತಂತಿ ಇರುವ ಸಕ್ಷನ್ ಪೈಪು ಹಾಕಿದ ದಿನವೇ ನೀರು ಧಾರೆಯಾಗಿ ಬಂತು. ಪೈಪಿನ ಒಳ ಅಳತೆ ಪಂಪಿನ ಬಾಯಿಗಿಂತ ಸಣ್ಣದಾಗಬಾರದು. ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಗೂ ಎರಡೆರಡು ಸ್ಟೀಲ್ ಕ್ಲಿಪ್ಪು ಬಿಗಿಯಿರಿ.

ಇನ್ನು ವೈರು. ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ಅಂದರೆ ಹೋಗಿ ಬರುವ ದಾರಿ 10 ಮೀಟರ್. 1 ಚದರ ಮಿ.ಮೀ. ವೈರಿನಲ್ಲಿ 10 ಆಂಪಿಯರ್ ಹರಿದರೆ ಅಷ್ಟು ದೂರಕ್ಕೇ ಸುಮಾರು 1.7 ವೋಲ್ಟ್ ಕಳೆದುಹೋಗುತ್ತದೆ. ಇರುವುದೇ 12. ಹಾಗಾಗಿ 4 ಚದರ ಮಿ.ಮೀ. ತಾಮ್ರದ್ದು ಹಾಕಿ. ಪಂಪನ್ನು ಬ್ಯಾಟರಿಯ ಪಕ್ಕದಲ್ಲೇ ಇಟ್ಟು, ಮುಂಭಾಗಕ್ಕೆ ನೀರಿನ ಪೈಪು ಎಳೆದರೆ ಇನ್ನೂ ಒಳ್ಳೆಯದು. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ, ಪಂಪಿನ ಮೇಲೆ ಬರೆದಿರುವಷ್ಟೇ ಆಂಪಿಯರಿನದು. ಸ್ವಿಚ್ ಚಾಲಕನ ಕೈಗೆಟಕುವಲ್ಲಿ.

ದೋಣಿ ನೀರಿಗಿಳಿಸಿದ ಕೂಡಲೇ ಹೊರಟುಬಿಡಬೇಡಿ. ವಾಲ್ವ್ ತೆರೆದು, ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಇಟ್ಟು ಹತ್ತು ನಿಮಿಷ ಕಾಯಿರಿ. ಕಾಗದ ಒದ್ದೆಯಾಗದಿದ್ದರೆ ಪಂಪು ಹಾಕಿ ಇನ್ನೊಮ್ಮೆ ನೋಡಿ.

ತೊಳೆಯಲು ಇಬ್ಬರಿದ್ದರೆ ಸಲೀಸು. ಒಬ್ಬರು ಸರಪಳಿ ನಿಧಾನ ಎಳೆಯಲಿ, ಇನ್ನೊಬ್ಬರು ಅದು ದೋಣಿಯ ಹೊರಗಿರುವಾಗಲೇ ಓರೆಯಾಗಿ ನೀರು ಹೊಡೆಯಲಿ. ಕೆಸರು ಕೆರೆಗೇ ಬೀಳುತ್ತದೆ. ಕೊನೆಗೆ ಲಂಗರಿನ ಅಲಗು. ಅದರ ಅಡಿಯಲ್ಲಿ ಬೆಲ್ಲದಚ್ಚಿನಂತೆ ಮಣ್ಣು ಕೂತಿರುತ್ತದೆ, ಅಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ಬಳ್ಳಿ, ಪಾಚಿ ಸಿಕ್ಕಿದ್ದರೆ ಅಲ್ಲೇ ಬಿಡಿಸಿ. ಅದೇ ಲಂಗರನ್ನು ನಾಳೆ ಸಾಣಾಪುರ ಕೆರೆಗೆ ಇಳಿಸಿದರೆ ಕಳೆಯನ್ನು ನಾವೇ ಹೊತ್ತು ತಂದಂತೆ.

ಮುಗಿದ ಮೇಲೆ ಸ್ವಿಚ್ ಆರಿಸಲೇಬೇಕು. ಗನ್ ಬಿಟ್ಟಾಗ ಪಂಪು ನಿಂತಿತು ಅಂತ ಸುಮ್ನೆ ಇದ್ದುಬಿಟ್ಟರೆ, ದೋಣಿಯೊಳಗೆ ಪೈಪು ಒಡೆದಾಗ ಅದು ಮತ್ತೆ ಶುರುವಾಗಿ ಕೆರೆಯ ನೀರನ್ನೆಲ್ಲ ಒಳಗೆ ತುಂಬುತ್ತದೆ. ಸ್ವಿಚ್ ಆರಿಸಿ, ಗನ್ ಒತ್ತಿ ಒತ್ತಡ ಇಳಿಸಿ, ವಾಲ್ವ್ ಮುಚ್ಚಿ, ಸ್ಟ್ರೈನರ್ ಬಿಚ್ಚಿ ಜಾಲರಿ ಝಾಡಿಸಿ. ಆಮೇಲೆ ದಡಕ್ಕೆ ತಿರುಗಿಸಿ.